ಹಾಲುಣ್ಣುವ ಮಗುವಿನ ಕಿವಿ ಪದೇ ಪದೇ ಸೋರಿದಾಗ

ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಗೆ ನಾವು ಬಂದ ಮೊದಲ ಚಳಿಗಾಲದಲ್ಲಿ ನನ್ನ ಮಗನಿಗೆ ಒಂದು ವರ್ಷ ಎರಡು ತಿಂಗಳು. ನವೆಂಬರಿನಿಂದ ಫೆಬ್ರವರಿಯೊಳಗೆ ಮೂರು ಸಲ ಅವನ ಕಿವಿ ಕೆಟ್ಟಿತು. ಮೂರು ಸಲವೂ ಅದೇ ಕಥೆ. ಮೊದಲು ಮೂಗು ಸೋರುತ್ತದೆ. ಮೂರ್ನಾಲ್ಕು ದಿನಕ್ಕೆ ಜ್ವರ. ರಾತ್ರಿ ಎರಡು ಗಂಟೆಗೆ ಕಿರುಚಿಕೊಂಡು ಏಳುತ್ತಾನೆ. ಎದೆಗೆ ಹಾಕಿಕೊಂಡರೆ ಎರಡು ಗುಟುಕು ಕುಡಿದು, ಬಿಟ್ಟು, ಮತ್ತೆ ಅಳುತ್ತಾನೆ. ಬೆಳಗ್ಗೆ ನೋಡಿದರೆ ದಿಂಬಿನ ಮೇಲೆ ಹಳದಿ ಕಲೆ.

ಸಲಹೆಗಳಿಗೇನೂ ಬರ ಇರಲಿಲ್ಲ. ಊರಿನಿಂದ ಅತ್ತೆ ಫೋನಿನಲ್ಲಿ, "ಲೇಟ್ಕೋ ದೂಧ್ ಪಿಲಾ ನಕ್ಕೋ ಮಾ, ಕಾನ್ ಮೇಂ ಜಾತಾ" ಅಂದರು. ಮಲಗಿಕೊಂಡು ಹಾಲು ಕೊಡಬೇಡಮ್ಮಾ, ಕಿವಿಗೆ ಹೋಗುತ್ತೆ ಅಂತ. ಪಕ್ಕದ ಮನೆಯ ಬೆನ್ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಚಿಕ್ಕ ಬಟ್ಟಲಲ್ಲಿ ತಂದುಕೊಟ್ಟರು. ಮೂರನೇ ಸಲ ತೋರಿಸಿದ ಡಾಕ್ಟರೊಬ್ಬರು ಚೀಟಿ ಬರೆಯುತ್ತಲೇ, "ವರ್ಷ ತುಂಬಿತಲ್ಲ, ಎದೆಹಾಲು ಬಿಡಿಸಿಬಿಡಿ, ಸರಿಹೋಗುತ್ತೆ" ಅಂದರು. ಆ ರಾತ್ರಿ ಮಗನಿಗಿಂತ ನಾನೇ ಹೆಚ್ಚು ಅತ್ತೆ. ನನ್ನ ಹಾಲೇ ನನ್ನ ಮಗುವಿನ ಕಿವಿಯಲ್ಲಿ ಕೀವಾಯಿತು ಅಂದರೆ ಯಾವ ತಾಯಿಗೆ ನಿದ್ದೆ ಬರುತ್ತೆ?

ಹಾಲು ಬಿಡಿಸುವ ಮೊದಲು ಇನ್ನೊಬ್ಬ ಮಕ್ಕಳ ಡಾಕ್ಟರನ್ನೂ ಒಬ್ಬ ಇಎನ್‌ಟಿ ಡಾಕ್ಟರನ್ನೂ ಕೇಳಿದೆ. ಸಿಕ್ಕಿದ್ದನ್ನೆಲ್ಲ ಓದಿದೆ. ನಾನು ಡಾಕ್ಟರಲ್ಲ, ಬಿ.ಎಡ್ ಮಾಡಿದ ಟೀಚರ್. ಆದರೂ ಗೊತ್ತಾದದ್ದನ್ನು ನಮ್ಮ ಅಕ್ಕತಂಗಿಯರಿಗೆ, ನಾಳೆ ತಂದೆತಾಯಿ ಆಗಲಿರುವ ವಿದ್ಯಾರ್ಥಿಗಳಿಗೆ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಮೊದಲು ಕಿವಿಯ ರಚನೆ. ಹೊರಗಿನಿಂದ ಕಾಣುವ ತೂತು ಒಳಗೆ ಒಂದು ತೆಳು ಪೊರೆಯವರೆಗೆ ಹೋಗಿ ನಿಲ್ಲುತ್ತದೆ. ಅದೇ ಕಿವಿತಮಟೆ. ತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆಯಿದೆ, ಅದು ನಡುಗಿವಿ. ಈ ಕೋಣೆಗೆ ಹೊರಗಿನಿಂದ ದಾರಿ ಇಲ್ಲ. ಇರುವ ಒಂದೇ ದಾರಿ ಮೂಗಿನ ಹಿಂಭಾಗದಿಂದ ಬರುವ ಕೊಳವೆ. 16ನೇ ಶತಮಾನದ ಇಟಲಿಯ ವೈದ್ಯ ಯೂಸ್ಟೇಶಿಯ ಹೆಸರಿನಿಂದ ಅದನ್ನು ಯೂಸ್ಟೇಶಿಯನ್ ನಾಳ ಅನ್ನುತ್ತಾರೆ. ನಾವು ಎಂಜಲು ನುಂಗಿದಾಗ, ಆಕಳಿಸಿದಾಗ ಅದು ತೆರೆದುಕೊಂಡು ಕೋಣೆಗೆ ಗಾಳಿ ಬಿಡುತ್ತದೆ, ಒಳಗಿನ ನೀರನ್ನು ಗಂಟಲಿಗೆ ಹರಿಸುತ್ತದೆ. ಘಟ್ಟದ ರಸ್ತೆಯಲ್ಲಿ ಬಸ್ಸು ಇಳಿಯುವಾಗ ಕಿವಿ 'ಟಪ್' ಅನ್ನುತ್ತದಲ್ಲ, ಅದು ಈ ಕೊಳವೆ ತೆರೆದ ಸದ್ದು.

ದೊಡ್ಡವರಲ್ಲಿ ಈ ಕೊಳವೆ ಉದ್ದವಾಗಿ, ಇಳಿಜಾರಾಗಿರುತ್ತದೆ. ಮಗುವಿನಲ್ಲಿ ಅದರ ಸುಮಾರು ಅರ್ಧದಷ್ಟೇ ಉದ್ದ, ಮತ್ತು ಹೆಚ್ಚುಕಮ್ಮಿ ಅಡ್ಡಡ್ಡ. ಇಳಿಜಾರಿಲ್ಲದ ಮೋರಿಯಲ್ಲಿ ನೀರು ನಿಲ್ಲುವ ಹಾಗೆ ಅಲ್ಲೂ ನಿಲ್ಲುತ್ತದೆ. ನೆಗಡಿ ಬಂದಾಗ ಕೊಳವೆಯ ಬಾಯಿ ಊದಿಕೊಂಡು ಮುಚ್ಚುತ್ತದೆ. ಅದರ ಪಕ್ಕದಲ್ಲೇ ಇರುವ ಅಡೆನಾಯ್ಡ್ ಎಂಬ ಗಂಟೂ ಈ ವಯಸ್ಸಿನಲ್ಲಿ ದಪ್ಪ. ಕೋಣೆಯಲ್ಲಿ ಸಿಕ್ಕಿಕೊಂಡ ನೀರಿನಲ್ಲಿ ಮೂಗಿನಿಂದ ಬಂದ ಬ್ಯಾಕ್ಟೀರಿಯಾ ಬೆಳೆದು ಕೀವಾಗುತ್ತದೆ, ತಮಟೆ ಉಬ್ಬುತ್ತದೆ. ಆಗಲೇ ಆ ಪ್ರಾಣ ಹೋಗುವಂಥ ನೋವು. ಕೆಲವೊಮ್ಮೆ ತಮಟೆ ಸಣ್ಣದಾಗಿ ಒಡೆದು ಕೀವು ಹೊರಬರುತ್ತದೆ, ಮಗು ಇದ್ದಕ್ಕಿದ್ದಂತೆ ಸಮಾಧಾನವಾಗಿ ಮಲಗಿಬಿಡುತ್ತದೆ. ದಿಂಬಿನ ಹಳದಿ ಕಲೆ ಅದೇ. ಅಷ್ಟು ಸಣ್ಣ ತೂತು ಸಾಮಾನ್ಯವಾಗಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ.

ಅಂದರೆ ಕಾಯಿಲೆ ಶುರುವಾಗುವುದು ಮೂಗಿನಲ್ಲಿ, ನೆಗಡಿಯಿಂದ. ಇದು ಗೊತ್ತಾದ ಮೇಲೆ ನನ್ನ ಅರ್ಧ ಭಾರ ಇಳಿಯಿತು.

ಇನ್ನು ಹಾಲಿನ ವಿಚಾರ. ಎದೆಹಾಲು ಕಿವಿಗೆ ಕೇಡು ಮಾಡುವುದಿರಲಿ, ಕಾಪಾಡುತ್ತದೆ. ಹಾಲಿನಲ್ಲಿರುವ ರೋಗನಿರೋಧಕ ವಸ್ತುಗಳು, ಕೆಲವು ವಿಶೇಷ ಸಕ್ಕರೆಗಳು, ಮೂಗಿನ ಹಿಂಭಾಗದಲ್ಲಿ ಬ್ಯಾಕ್ಟೀರಿಯಾ ಅಂಟಿಕೊಳ್ಳದಂತೆ ತಡೆಯುತ್ತವೆ. ಮೊದಲ ಆರು ತಿಂಗಳು ಬರೀ ಎದೆಹಾಲು ಕುಡಿದ ಮಕ್ಕಳಲ್ಲಿ ಕಿವಿ ಸೋಂಕು ಕಡಿಮೆ ಅಂತ ಬೇರೆಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದವರು ಹೇಳಿದ್ದಾರೆ. ಈ ರಕ್ಷಣೆ ಸುಮಾರು ಎರಡು ವರ್ಷದವರೆಗೆ ಕಾಣುತ್ತದೆ. ಇದು ಎದೆಗೆ ಹಾಕಿಕೊಂಡು ಕುಡಿಸುವ ಭಂಗಿಯಿಂದಲೋ ಅಥವಾ ಹಾಲಿನಿಂದಲೇ ಬರುವುದೋ? ಅಮೆರಿಕದಲ್ಲಿ 1994ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಬಹಳ ಹಿಡಿಸಿತು. ಸೀಳು ಅಂಗುಳದ ಮಕ್ಕಳು ಎದೆ ಚೀಪಲಾರರು, ಅವರ ನಡುಗಿವಿಯಲ್ಲಿ ಸದಾ ನೀರು. ಅಂಥ ಮಕ್ಕಳಿಗೂ ತಾಯಿಯ ಹಾಲನ್ನು ಹಿಂಡಿ ಬಾಟಲಿಯಲ್ಲಿ ಕೊಟ್ಟಾಗ ಕಿವಿಗಳು ನೀರಿಲ್ಲದೆ ಇದ್ದ ದಿನಗಳು ಹೆಚ್ಚಾದವು. ಅಂದರೆ ಹಾಲಿನಲ್ಲೇ ಗುಣವಿದೆ.

ಎರಡು ವರ್ಷ ಅಂದೆ. ಸೂರಃ ಅಲ್ ಬಕರದ 233ನೇ ವಚನ ಹಾಲೂಡಿಸುವ ಪೂರ್ಣ ಅವಧಿಯನ್ನು ಎರಡು ವರ್ಷವೆಂದು ಹೇಳುವುದು ನಮಗೆಲ್ಲ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು. ಆದ್ದರಿಂದ ಕಿವಿಯ ಕಾರಣಕ್ಕೆ ಯಾರಾದರೂ ಹಾಲು ಬಿಡಿಸು ಅಂದರೆ ಇನ್ನೊಬ್ಬರನ್ನು ಕೇಳಿ.

"ಹಾಗಾದರೆ ನಿನ್ನ ಮಗನಿಗೆ ಯಾಕೆ ಬಂತು?" ಅತ್ತೆ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಎದೆಹಾಲು ಕೊಡೆ ಇದ್ದ ಹಾಗೆ. ಜಡಿಮಳೆಯಲ್ಲಿ ಕೊಡೆ ಹಿಡಿದರೂ ಕಾಲು ನೆನೆಯುತ್ತದೆ. ವರ್ಷ ತುಂಬಿದ ಮಗು ಎಲ್ಲವನ್ನೂ ಬಾಯಿಗಿಡುತ್ತದೆ, ನಾಲ್ಕು ಮಕ್ಕಳ ಜೊತೆ ಆಡುತ್ತದೆ, ಮನೆಯಲ್ಲಿ ಶಾಲೆಗೆ ಹೋಗುವ ಅಕ್ಕನೋ ಅಣ್ಣನೋ ಇದ್ದರೆ ವಾರಕ್ಕೊಂದು ನೆಗಡಿ ಮನೆಗೆ ಬರುತ್ತದೆ. ನಮ್ಮ ಮಗಳು ಆಗ ಯುಕೆಜಿ. ತರಗತಿಯಲ್ಲಿ ಯಾರು ಸೀನಿದರೂ ಅದು ನಮ್ಮ ಮನೆಗೆ ಬರುತ್ತಿತ್ತು.

ಮಲಗಿ ಕುಡಿಸುವ ಬಗ್ಗೆ. ಇಲ್ಲಿ ಎದೆ ಬೇರೆ, ಬಾಟಲಿ ಬೇರೆ. ಅಂಗಾತ ಮಲಗಿದ ಮಗುವಿನ ಬಾಯಿಗೆ ಬಾಟಲಿ ಇಟ್ಟರೆ, ಅದಕ್ಕೆ ದಿಂಬು ಒರಗಿಸಿ ತಾಯಿ ಕೆಲಸಕ್ಕೆ ಹೋದರೆ, ಹಾಲು ಸುರಿಯುತ್ತಲೇ ಇರುತ್ತದೆ. ಗಂಟಲ ಹಿಂಭಾಗದಲ್ಲಿ ನಿಂತು ಆ ಗಿಡ್ಡ ಕೊಳವೆಯತ್ತ ಹೋಗುತ್ತದೆ. ಇದು ನಿಜವಾದ ಅಪಾಯ. ಎದೆಹಾಲು ಹೆಚ್ಚಾಗಿ ಮಗು ಎಳೆದಾಗ ಮಾತ್ರ ಬರುತ್ತದೆ, ಮಗು ತಾಯಿಯ ಕಡೆ ಹೊರಳಿರುತ್ತದೆ, ಎಳೆದು ನುಂಗುತ್ತದೆ. ಹೀಗೆ ಪಕ್ಕಕ್ಕೆ ಹೊರಳಿ ಕೊಡುವುದರಿಂದಲೇ ಕಿವಿ ಕೆಡುತ್ತದೆ ಅನ್ನಲು ಗಟ್ಟಿ ಆಧಾರವಿಲ್ಲ. ಆದರೂ ನೆಗಡಿ ಇದ್ದಾಗ ಮಗುವಿನ ತಲೆ ನಿಮ್ಮ ತೋಳಿನ ಮೇಲೆ ಸ್ವಲ್ಪ ಎತ್ತರದಲ್ಲಿರಲಿ, ಮೂಗು ಕಟ್ಟಿದ ಮಗುವಿಗೆ ಉಸಿರಾಡಲೂ ಅದೇ ಹಿತ. ಅತ್ತೆಯ ಮಾತಿನಲ್ಲಿ ಅರ್ಧ ಸತ್ಯ ಇತ್ತು ಅಂತ ಅವರಿಗೆ ಹೇಳಿದೆ. ಉಳಿದರ್ಧ ಹೇಳಲು ಇನ್ನೂ ಧೈರ್ಯ ಬಂದಿಲ್ಲ.

ನಾನು ಮಾಡಿದ ತಪ್ಪು ಬೇರೆಯೇ ಇತ್ತು. ವರ್ಷ ತುಂಬಿದ ಮೇಲೆ ರಾತ್ರಿ ಮಲಗಿಸುವಾಗ ಒಂದು ಬಾಟಲಿ ದನದ ಹಾಲು ಶುರು ಮಾಡಿದ್ದೆ, ಹಗಲಲ್ಲಿ ಸುಮ್ಮನಿರಲಿ ಅಂತ ಚುಸ್ನಿಯನ್ನೂ ಕೊಟ್ಟಿದ್ದೆ. ಫಿನ್‌ಲ್ಯಾಂಡಿನಲ್ಲಿ ಚುಸ್ನಿಯ ಬಗ್ಗೆ ತಂದೆತಾಯಿಗೆ ತಿಳಿಹೇಳಿ, ನಿದ್ದೆ ಹತ್ತುವ ಹೊತ್ತಿನಲ್ಲಿ ಮಾತ್ರ ಕೊಡಿ ಅಂದರು. ಹಾಗೆ ತಿಳಿಹೇಳಿದ ಗುಂಪಿನ ಮಕ್ಕಳಲ್ಲಿ ಕಿವಿ ಸೋಂಕು ಶೇ. 29ರಷ್ಟು ಕಡಿಮೆಯಾಯಿತು. 2000ನೇ ಇಸವಿಯಲ್ಲಿ ಪ್ರಕಟವಾದ ಅಧ್ಯಯನ ಅದು. ಬಾಟಲಿಯ ಜಾಗಕ್ಕೆ ಲೋಟ ತಂದೆ. ಮೊದಲ ವಾರ ಅಂಗಿಯೆಲ್ಲ ಹಾಲು. ಚುಸ್ನಿ ಬಿಡಿಸುವಾಗ ಮೂರು ರಾತ್ರಿ ಇಡೀ ಅಪಾರ್ಟ್‌ಮೆಂಟಿಗೆ ಎಚ್ಚರ.

ಹೊಗೆಯ ವಿಷಯ ಹೇಳಿದರೆ ಕೆಲವರಿಗೆ ಬೇಸರವಾಗಬಹುದು. ಬೀಡಿ, ಸಿಗರೇಟಿನ ಹೊಗೆ ಮಗುವಿನ ಮೂಗು ಮತ್ತು ಕೊಳವೆಯ ಒಳಪದರವನ್ನು ಕೆರಳಿಸುತ್ತದೆ, ಕೊಳೆಯನ್ನು ಹೊರತಳ್ಳುವ ಸಣ್ಣ ಕೂದಲುಗಳ ಕೆಲಸ ಕುಂದಿಸುತ್ತದೆ. ಬಾಲ್ಕನಿಯಲ್ಲಿ ಸೇದಿ ಬಂದು ಮಗುವನ್ನು ಎತ್ತಿಕೊಂಡರೂ ಅಂಗಿಯಲ್ಲಿ ಹೊಗೆ ಇದ್ದೇ ಇರುತ್ತದೆ. ಸೌದೆ ಒಲೆಯ ಹೊಗೆಯೂ ಅಷ್ಟೇ. ನಮ್ಮ ಮನೆಗಳಲ್ಲಿ ಇನ್ನೊಂದಿದೆ. ಮಗುವಿಗೆ ಸ್ನಾನ ಮಾಡಿಸಿ ಲೋಬಾನದ ಹೊಗೆಯ ಮೇಲೆ ಹಿಡಿಯುವುದು, ಜುಮೇರಾತ್ ಸಂಜೆ ಬಾಗಿಲು ಹಾಕಿ ಧೂಪ ಹಾಕುವುದು. ಅದರ ಪರಿಮಳ ನನಗೂ ಇಷ್ಟ, ನನ್ನ ಅಮ್ಮಿಯ ಸೆರಗಿನ ವಾಸನೆ ಅದು. ಆದರೆ ಮಗುವಿನ ಮೂಗಿಗೆ ಹೊಗೆ ಹೊಗೆಯೇ. ಮಗುವನ್ನು ಬೇರೆ ಕೋಣೆಗೆ ಕಳಿಸಿ, ಕಿಟಕಿ ತೆರೆದು ಹಾಕಿದರೂ ನಡೆಯುತ್ತದಲ್ಲ.

ಚಳಿಗಾಳಿಯಿಂದ ಕಿವಿ ಕೆಡುತ್ತೆ ಅಂತ ಮಂಕಿ ಟೋಪಿ ಹಾಕಿಸುತ್ತೇವೆ. ಜನವರಿ 14ರ ಉತ್ತರಾಯಣಕ್ಕೆ ಇಲ್ಲಿ ಇಡೀ ಊರು ಗಾಳಿಪಟ ಹಿಡಿದು ಮಾಳಿಗೆ ಮೇಲಿರುತ್ತದೆ. ಅವತ್ತು ನನ್ನ ಮಗನ ತಲೆಗೆ ಎರಡು ಟೋಪಿ. ಬೆಚ್ಚಗಿರಲಿ, ಬೇಡ ಅನ್ನುವುದಿಲ್ಲ. ಆದರೆ ತಮಟೆಯ ಆಚೆಗೆ ಗಾಳಿ ಹೋಗುವುದಿಲ್ಲ. ಅವತ್ತು ಅವನಿಗೆ ನೆಗಡಿ ಹತ್ತಿದ್ದು ಮಾಳಿಗೆಯಲ್ಲಿ ಅವನನ್ನು ಕೈಯಿಂದ ಕೈಗೆ ಎತ್ತಿ ಮುದ್ದಿಸಿದವರಿಂದ ಇರಬೇಕು. ಟೋಪಿಗಿಂತ ಸೋಪು ಕೆಲಸಕ್ಕೆ ಬರುತ್ತದೆ. ಹೊರಗಿನಿಂದ ಬಂದವರು ಕೈ ತೊಳೆದು ಮಗುವನ್ನು ಎತ್ತಿಕೊಳ್ಳಲಿ, ನೆಗಡಿ ಇದ್ದವರು ಮುತ್ತು ಕೊಡದಿರಲಿ. ಮೂಗು ಕಟ್ಟಿದಾಗ ಉಪ್ಪುನೀರಿನ ಹನಿ ಮೆಡಿಕಲ್‌ನಲ್ಲಿ ಸಿಗುತ್ತದೆ. ಹಾಲು ಕೊಡುವ ಮೊದಲು ಒಂದೆರಡು ಹನಿ ಹಾಕಿದರೆ ಮಗು ಆರಾಮಾಗಿ ಕುಡಿಯುತ್ತದೆ.

ಈಗ ಲಸಿಕೆ. ಕಿವಿ ಕೀವಿಗೆ ಮುಖ್ಯ ಕಾರಣವಾದ ಬ್ಯಾಕ್ಟೀರಿಯಾಗಳಲ್ಲಿ ನ್ಯುಮೊಕಾಕಸ್ ಒಂದು. ಅದರ ವಿರುದ್ಧದ ಪಿಸಿವಿ ಲಸಿಕೆಯನ್ನು ನಮ್ಮ ಸರ್ಕಾರ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರು ಮಾಡಿ, 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಆರು ವಾರಕ್ಕೊಂದು, 14 ವಾರಕ್ಕೊಂದು, ಒಂಬತ್ತು ತಿಂಗಳಿಗೆ ಬೂಸ್ಟರ್, ಎಲ್ಲ ಉಚಿತ. ಅದು ಮುಖ್ಯವಾಗಿ ನ್ಯುಮೋನಿಯಾ, ಮೆದುಳುಪೊರೆಯ ಉರಿಯೂತದಿಂದ ಕಾಪಾಡಲು ಇರುವುದು. ಕಿವಿಗೆ ಸಿಗುವ ಲಾಭ ಅದಕ್ಕಿಂತ ಸಣ್ಣದು, ಆದರೆ ಇದೆ. ನನ್ನ ಮಗನ ಕಾರ್ಡು ತೆಗೆದು ನೋಡಿದೆ. ಮೊದಲೆರಡು ಊರಿನಲ್ಲಿ ಹಾಕಿಸಿದ್ದೆವು. ಒಂಬತ್ತು ತಿಂಗಳಿನದು ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ತಪ್ಪಿಹೋಗಿತ್ತು. ಕೆಲಸಕ್ಕಾಗಿ ರಾಜ್ಯ ಬಿಟ್ಟು ಬರುವ ಎಷ್ಟು ಮನೆಗಳಲ್ಲಿ ಹೀಗಾಗಿರಬಹುದು! ಊರಿನ ತಾಯಿ ಕಾರ್ಡು ಹಿಡಿದು ಇಲ್ಲಿನ ಅರ್ಬನ್ ಹೆಲ್ತ್ ಸೆಂಟರಿಗೆ ಹೋದೆ. ಕನ್ನಡ ಅವರಿಗೆ ಬಾರದು, ತಾರೀಕುಗಳು ಸಾಕಾದವು. ಇಲ್ಲಿನ ಮಮತಾ ಕಾರ್ಡಿನಲ್ಲಿ ಬರೆದುಕೊಂಡು ಅಂದೇ ಹಾಕಿದರು.

ಅದೇ ದಿನ ದಡಾರ–ರುಬೆಲ್ಲಾ ಲಸಿಕೆಯನ್ನೂ ಹಾಕಿಸಿದೆ, ಅದೂ ತಪ್ಪಿತ್ತು. ದಡಾರಕ್ಕೂ ಕಿವಿಗೂ ಏನು ಸಂಬಂಧ ಅನ್ನಬಹುದು. ದಡಾರ ಬಂದ ಹತ್ತು ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಕಿವಿ ಸೋಂಕಾಗುತ್ತದೆ, ಕೆಲವರಿಗೆ ಕಿವಿ ಶಾಶ್ವತವಾಗಿ ಕೇಳದಾಗುತ್ತದೆ. 2022ರ ನವೆಂಬರಿನಲ್ಲಿ ದಡಾರ ಹೆಚ್ಚಾಗಿ ಕೇಂದ್ರ ಸರ್ಕಾರ ತಜ್ಞರ ತಂಡಗಳನ್ನು ಕಳಿಸಿದ ಮೂರು ಊರುಗಳಲ್ಲಿ ಅಹಮದಾಬಾದೂ ಒಂದು, ಇನ್ನೆರಡು ರಾಂಚಿ ಮತ್ತು ಮಲಪ್ಪುರಂ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಈ ಲಸಿಕೆಯ ಅಭಿಯಾನ ನಡೆದಾಗ, ಮುಂದೆ ಮಕ್ಕಳಾಗುವುದಿಲ್ಲ ಅನ್ನುವ ಸುಳ್ಳು ವಾಟ್ಸಾಪ್‌ನಲ್ಲಿ ನಮ್ಮ ಮೊಹಲ್ಲಾಗಳಲ್ಲಿ ಹರಿದಾಡಿದ್ದನ್ನು ನಾನೇ ನೋಡಿದ್ದೇನೆ. ಅವತ್ತು ಶಾಲೆಗೆ ಕಳಿಸದೆ ಮನೆಯಲ್ಲಿ ಕೂರಿಸಿಕೊಂಡ ಮಕ್ಕಳಿದ್ದರು. ಮೊದಲ ಡೋಸು ಒಂಬತ್ತು ತಿಂಗಳಿಗೆ, ಎರಡನೆಯದು 16ರಿಂದ 24 ತಿಂಗಳೊಳಗೆ. ಕಾರ್ಡು ಒಮ್ಮೆ ತೆಗೆದು ನೋಡಿ. ಇನ್ಫ್ಲುಯೆಂಜಾ ಲಸಿಕೆ ಸರ್ಕಾರಿ ಪಟ್ಟಿಯಲ್ಲಿಲ್ಲ, ದುಡ್ಡು ಕೊಡಬೇಕು. ಭಾರತೀಯ ಮಕ್ಕಳ ತಜ್ಞರ ಸಂಘ ಆರು ತಿಂಗಳಿನಿಂದ ಐದು ವರ್ಷದವರೆಗೆ ವರ್ಷಕ್ಕೊಮ್ಮೆ ಹಾಕಿಸಿ ಅನ್ನುತ್ತದೆ.

ಬೆನ್ ತಂದ ಬೆಳ್ಳುಳ್ಳಿ ಎಣ್ಣೆಯನ್ನು ಏನು ಮಾಡಿದೆ? ಪ್ರೀತಿಯಿಂದ ತಂದದ್ದು, ತೆಗೆದಿಟ್ಟುಕೊಂಡೆ, ಕಿವಿಗೆ ಹಾಕಲಿಲ್ಲ. ಕೀವಿರುವುದು ತಮಟೆಯ ಹಿಂದೆ, ಎಣ್ಣೆ ನಿಲ್ಲುವುದು ತಮಟೆಯ ಮುಂದೆ. ತಮಟೆ ಒಡೆದಿದ್ದರೆ ಎಣ್ಣೆ ಒಳಗೇ ಹೋಗಿ ಇನ್ನಷ್ಟು ಕೆಡುತ್ತದೆ. ಎದೆಹಾಲನ್ನೇ ಕಿವಿಗೆ ಹಿಂಡುವ ರೂಢಿಗೂ ಇದೇ ಉತ್ತರ. ಹಾಲಿನ ಗುಣ ಸಿಗುವುದು ಕುಡಿದಾಗ. ಕಿವಿಕಡ್ಡಿ, ಹೇರ್‌ಪಿನ್ ಯಾವುದೂ ಬೇಡ. ಸೋರುತ್ತಿದ್ದರೆ ಶುಭ್ರವಾದ ಹತ್ತಿ ಬಟ್ಟೆಯ ತುಂಡನ್ನು ಬತ್ತಿಯಂತೆ ಹೊಸೆದು ಕಿವಿಯ ಬಾಯಿಯಲ್ಲಿ ಇಡಿ. ಒದ್ದೆಯಾದರೆ ತೆಗೆದು ಹೊಸದಿಡಿ, ಒಣಗುವವರೆಗೆ. ದಿನಕ್ಕೆ ಮೂರು ಸಲವಾದರೂ. ಸ್ನಾನದ ನೀರು ಹೋಗದಂತೆ ನೋಡಿಕೊಳ್ಳಿ.

ಔಷಧದ ಬಗ್ಗೆ ಡಾಕ್ಟರು ಹೇಳಬೇಕು, ನಾನಲ್ಲ. ಎರಡು ಮಾತು ಮಾತ್ರ. ಆ್ಯಂಟಿಬಯಾಟಿಕ್ ಸಿರಪ್ ಕೊಟ್ಟರೆ ಹೇಳಿದಷ್ಟು ದಿನ ಪೂರ್ತಿ ಕೊಡಿ. ಎರಡನೇ ದಿನಕ್ಕೆ ಜ್ವರ ಇಳಿಯಿತು ಅಂತ ನಿಲ್ಲಿಸಿ, ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಮುಂದಿನ ಸಲಕ್ಕೆ ಬಳಸಬೇಡಿ. ಎರಡನೆಯದು, ಸೋಂಕು ಬಾರದಿರಲಿ ಅಂತ ಮುಂಚಿತವಾಗಿ ತಿಂಗಳುಗಟ್ಟಲೆ ಆ್ಯಂಟಿಬಯಾಟಿಕ್ ಕೊಡುವುದನ್ನು ಅಮೆರಿಕದ ಮಕ್ಕಳ ತಜ್ಞರ 2013ರ ಮಾರ್ಗಸೂಚಿ ಬೇಡ ಅನ್ನುತ್ತದೆ. ಆರು ತಿಂಗಳಲ್ಲಿ ಮೂರು ಸಲ, ಅಥವಾ ವರ್ಷದಲ್ಲಿ ನಾಲ್ಕು ಸಲ ಬಂದರೆ ಅದನ್ನು 'ಮರುಕಳಿಸುವ' ಸೋಂಕು ಅನ್ನುತ್ತಾರೆ. ಆಗ ಇಎನ್‌ಟಿ ಡಾಕ್ಟರಿಗೆ ತೋರಿಸಲೇಬೇಕು. ನೀರು ಇಳಿಯದೇ ಇದ್ದರೆ ತಮಟೆಯಲ್ಲಿ ಗ್ರೊಮೆಟ್ ಎಂಬ ಪುಟ್ಟ ಕೊಳವೆ ಕೂರಿಸುವ ದಾರಿಯೂ ಇದೆ. ಕಿವಿಯ ಹಿಂದೆ ಊದಿಕೊಂಡು ಕಿವಿ ಮುಂದಕ್ಕೆ ಬಾಗಿದರೆ, ಕುತ್ತಿಗೆ ಸೆಟೆದರೆ, ಮುಖ ಒಂದು ಕಡೆ ಸೊಟ್ಟಗಾದರೆ, ಮಗು ಎಬ್ಬಿಸಿದರೂ ಏಳದೆ ಮಂಕಾದರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಓಡಿ.

ನೋವು ಹೋದ ಮೇಲೆ ಕಥೆ ಮುಗಿಯಿತು ಅಂದುಕೊಳ್ಳುತ್ತೇವೆ. ಟೀಚರ್ ಆಗಿ ನನಗೆ ಹೆಚ್ಚು ಹೆದರಿಕೆ ಇರುವುದು ಇಲ್ಲಿ. ಕೀವು ಹೋದರೂ ನಡುಗಿವಿಯಲ್ಲಿ ನೀರು ವಾರಗಟ್ಟಲೆ ಉಳಿಯುತ್ತದೆ. ಮೂರು ತಿಂಗಳಾದರೂ ಹತ್ತು ಮಕ್ಕಳಲ್ಲಿ ಒಬ್ಬಿಬ್ಬರಲ್ಲಿ ಇದ್ದೇ ಇರುತ್ತದೆ. ನೋವಿಲ್ಲ, ಜ್ವರವಿಲ್ಲ, ಕಿವಿಗೆ ಬೆರಳಿಟ್ಟುಕೊಂಡ ಹಾಗೆ ಮಂದವಾಗಿ ಕೇಳುತ್ತದೆ ಅಷ್ಟೇ. ಮಾತು ಕಲಿಯುವ ವಯಸ್ಸಿನಲ್ಲಿ.

ಊರಿನಲ್ಲಿ ಉರ್ದು ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿಯಾಗಿದ್ದಾಗ ಮೂರನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಕೊನೆಯ ಸಾಲು. ಕಿವಿ ವಾಸನೆ ಬರುತ್ತೆ ಅಂತ ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ಉಕ್ತಲೇಖನ ಕೊಟ್ಟರೆ 'ಕತ್ತು' ಅಂದದ್ದಕ್ಕೆ 'ಕಪ್ಪು' ಬರೆಯುವಳು, ಉರ್ದುವಿನಲ್ಲಿ 'ಸಾಫ್' ಅಂದರೆ 'ಸಾತ್'. ಮಂದಬುದ್ಧಿ ಅಂತ ನನಗಿಂತ ಮೊದಲಿದ್ದವರು ಹೇಳಿ ಹೋಗಿದ್ದರು, ನಾನೂ ಎರಡು ತಿಂಗಳು ನಂಬಿದ್ದೆ. ಒಂದು ದಿನ ಅವಳ ಹತ್ತಿರ ಕೂತು ಅದೇ ಪದಗಳನ್ನು ಹೇಳಿದೆ. ಎಲ್ಲ ಸರಿ ಬರೆದಳು. ಅವಳ ತಾಯಿಯ ಜೊತೆ ಜಿಲ್ಲಾಸ್ಪತ್ರೆಗೆ ಹೋದೆವು. ಒಂದು ತಮಟೆಯಲ್ಲಿ ದೊಡ್ಡ ತೂತು, ಇನ್ನೊಂದರ ಹಿಂದೆ ನೀರು. "ಸಣ್ಣವಳಿದ್ದಾಗಿಂದ ಸೋರ್ತಿತ್ತು ಟೀಚರ್, ದೊಡ್ಡವಳಾದ್ಮೇಲೆ ಹೋಗುತ್ತೆ ಅಂದ್ರು" ಅಂದಳು ತಾಯಿ. ಬಿ.ಎಡ್‌ನಲ್ಲಿ ಪಿಯಾಜೆ, ವೈಗಾಟ್ಸ್ಕಿ ಎಲ್ಲ ಓದಿದ್ದೆವು. ಮೊದಲು ಮಗುವಿಗೆ ಕೇಳುತ್ತಾ ನೋಡಿ ಅಂತ ಯಾರೂ ಹೇಳಿರಲಿಲ್ಲ.

ಎರಡು ವಾರಕ್ಕಿಂತ ಹೆಚ್ಚು ಸೋರಿದರೆ ಅದು ಹಳೇ ಕಾಯಿಲೆಯಾಗುತ್ತಿದೆ ಅಂತ ತಿಳಿಯಿರಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗಳಿಗೆ ಒಂದು ಸಲ ಬರಬೇಕು. ಅವರು ನೋಡಬೇಕಾದ ಪಟ್ಟಿಯಲ್ಲಿ ಕಿವಿ ಸೋಂಕೂ ಇದೆ, ಶ್ರವಣದೋಷವೂ ಇದೆ. ತಂಡ ಬಂದ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ, ಕಿವಿ ಸೋರುವುದನ್ನು ಬಾಯಿಬಿಟ್ಟು ಹೇಳಿ. ಕರ್ನಾಟಕದವರಿಗೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಾತಾಡಲು ಬಾರದ ಕೂಸಿಗೂ ಎಷ್ಟು ಕೇಳುತ್ತದೆ ಅಂತ ಅಳೆಯುವ ಯಂತ್ರಗಳಿವೆ. 'ಇನ್ನೂ ಚಿಕ್ಕದು, ಹೇಗೆ ಗೊತ್ತಾಗುತ್ತೆ' ಅನ್ನುವ ಕಾಲ ಹೋಯಿತು.

ನನ್ನ ಮಗನ ಕಿವಿಯ ನೀರು ಮೇ ತಿಂಗಳಲ್ಲಿ ಇಳಿಯಿತು. ಗ್ರೊಮೆಟ್ ಬೇಕಾಗಲಿಲ್ಲ. ಎರಡು ವರ್ಷ ತುಂಬುವವರೆಗೆ ಹಾಲು ಕೊಟ್ಟೆ. ಮುಂದಿನ ಚಳಿಗಾಲದಲ್ಲಿ ಒಂದೇ ಒಂದು ಸಲ ಕಿವಿನೋವು ಬಂತು. ಈಗ ಅವನಿಗೆ ಮೂರು. ಹಿಂದಿನಿಂದ ಮೆಲ್ಲಗೆ ಹೆಸರು ಹಿಡಿದು ಕರೆದರೆ ಒಂದೊಂದು ಸಲ ತಿರುಗುವುದಿಲ್ಲ, ನನ್ನ ಎದೆ ಧಸಕ್ ಅನ್ನುತ್ತದೆ. ಆಗ ಅಡುಗೆಮನೆಗೆ ಹೋಗಿ ಸದ್ದಾಗದಂತೆ ಬಿಸ್ಕತ್ ಡಬ್ಬಿಯ ಮುಚ್ಚಳ ತೆಗೆಯುತ್ತೇನೆ. ಎರಡು ಕೋಣೆ ದಾಟಿ ಓಡಿ ಬರುತ್ತಾನೆ.